ಸಂಸಾರ ಗುಟ್ಟು, ವ್ಯಾಧಿ ರಟ್ಟು

'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಎಂಬುದು ನಮ್ಮ ಹಿರಿಯರ ಮಾತು. ಮನೆಯೊಳಗಿನದನ್ನು ಬೀದಿಗೆ ತರಬೇಡ. ಮೈಯ ಬೇನೆಯನ್ನು ಮಾತ್ರ ಮುಚ್ಚಿಡಬೇಡ, ನಾಲ್ಕು ಮಂದಿಗೆ ಹೇಳು, ಅವರಲ್ಲಿ ಒಬ್ಬರಿಗಾದರೂ ಮದ್ದು ತಿಳಿದಿದ್ದೀತು ಎಂಬುದು ಅದರ ಇಂಗಿತ. ಮಾತೇನೋ ಅನುಭವದ್ದು. ಆದರೆ ಸಂಸಾರವೂ ವ್ಯಾಧಿಯೂ ಒಂದೇ ಕಡೆ ಬಂದು ಕೂಡಿದಾಗ ಏನು ಮಾಡಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಗಂಡಹೆಂಡಿರ ಕೂಟದಿಂದಲೇ ಒಬ್ಬರಿಂದ ಒಬ್ಬರಿಗೆ ಹತ್ತುವ ಹುಣ್ಣೊಂದು ಇದ್ದರೆ ಅದನ್ನು ಗುಟ್ಟಿನ ಲೆಕ್ಕಕ್ಕೆ ಹಾಕಬೇಕೋ ರಟ್ಟಿನ ಲೆಕ್ಕಕ್ಕೆ ಹಾಕಬೇಕೋ? ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಹಳ್ಳಿಗಳಲ್ಲಿ ಈ ಪ್ರಶ್ನೆಗೆ ತಲೆಮಾರುಗಳಿಂದ ಒಂದೇ ಉತ್ತರ ದೊರೆತಿದೆ. ಅದು ಮೌನ. ಈ ಮೌನಕ್ಕೂ ಒಂದು ಚರಿತ್ರೆಯುಂಟು. ಅದನ್ನು ಬಿಚ್ಚಿ ನೋಡುವುದೇ ಈ ಲೇಖನದ ಉದ್ದೇಶ.

ವೈದ್ಯರು ಈ ಹುಣ್ಣನ್ನು ಜನನಾಂಗದ ಹರ್ಪಿಸ್ ಎಂದು ಕರೆಯುತ್ತಾರೆ. ಭಾಷೆಯ ವಿದ್ಯಾರ್ಥಿಗೆ ಈ ಹೆಸರೇ ಕುತೂಹಲದ್ದು. 'ಹರ್ಪೈನ್' ಎಂದರೆ ಗ್ರೀಕ್ ನುಡಿಯಲ್ಲಿ ತೆವಳು, ಹರಿದಾಡು ಎಂದರ್ಥ. ಅದಕ್ಕೂ ಸಂಸ್ಕೃತದ 'ಸರ್ಪ' ಶಬ್ದಕ್ಕೂ ಮೂಲಧಾತು ಒಂದೇ. ಮೈಮೇಲೆ ಹರಿದಾಡುವ ಹುಣ್ಣನ್ನು ಕಂಡು ಗ್ರೀಕರಿಗೆ ತೆವಳುವುದು ನೆನಪಾಯಿತು. ನಮ್ಮ ಜನ ಸೊಂಟದ ಸುತ್ತ ಏಳುವ ಉರಿಗುಳ್ಳೆಗಳನ್ನು ಕಂಡು 'ಸರ್ಪಸುತ್ತು' ಎಂದರು. ಎರಡು ನಾಡಿನ ಜನ ಒಬ್ಬರನ್ನೊಬ್ಬರು ಕೇಳದೆ ಒಂದೇ ಉಪಮಾನಕ್ಕೆ ಬಂದು ಮುಟ್ಟಿದರು.

ಸರ್ಪಸುತ್ತಿನ ವಿಷಾಣು ಬೇರೆ, ನಾವು ಹೇಳುತ್ತಿರುವ ಹುಣ್ಣಿನ ವಿಷಾಣು ಬೇರೆ. ಆದರೆ ಎರಡೂ ಒಂದೇ ಮನೆತನದವು. ಜ್ವರ ಬಂದು ಬಿಟ್ಟಾಗ ತುಟಿಯ ಅಂಚಿಗೆ ಏಳುವ ಗುಳ್ಳೆಯಂತೂ ಇದರ ಒಡಹುಟ್ಟಿನದೇ. ಈಗ ಊರಿನ ನಡತೆಯನ್ನು ನೋಡಿರಿ. ಸರ್ಪಸುತ್ತು ಆದವನನ್ನು ನೆರೆಯವರು ಬಂದು ಮಾತಾಡಿಸುತ್ತಾರೆ, ಕೆಮ್ಮಣ್ಣು ಹಚ್ಚುವವರ ಹತ್ತಿರ ತಾವೇ ಕರೆದೊಯ್ಯುತ್ತಾರೆ. ತುಟಿಯ ಗುಳ್ಳೆಗಂತೂ ಯಾರೂ ಎರಡನೆಯ ಸಲ ಕಣ್ಣೆತ್ತಿ ನೋಡುವುದಿಲ್ಲ. ಅದೇ ಗುಳ್ಳೆ ಒಂದು ಮೊಳ ಕೆಳಗಿಳಿದು ಬಟ್ಟೆಯ ಮರೆಯಲ್ಲಿ ಎದ್ದಿತೆಂದರೆ ಮನೆಯ ಮಾನವೇ ಹೋಯಿತು. ಮೈಗೆ ಇವೆರಡರಲ್ಲಿ ಹೆಚ್ಚಿನ ಭೇದವಿಲ್ಲ. ಭೇದ ಮಾಡಿದ್ದು ನಮ್ಮ ಮನಸ್ಸು.

ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಶಾಸನ ಹೇಳುತ್ತದೆ. ಅಂಥ ನೆಲದಲ್ಲಿ ಮಾತಿಗೆ ಬಡತನವಿಲ್ಲ. ಆದರೂ ಈ ರೋಗಕ್ಕೆಂದೇ ಹುಟ್ಟಿದ ಕನ್ನಡದ ಹೆಸರೊಂದಿಲ್ಲ. ಧಾರವಾಡದ ಕಡೆಯ ಹೆಣ್ಣುಮಗಳು ಇದರಿಂದ ನರಳಿ ದವಾಖಾನೆಗೆ ಬಂದರೆ ತಲೆ ತಗ್ಗಿಸಿ, "ಉಷ್ಣ ಆಗೇತ್ರಿ" ಎನ್ನುತ್ತಾಳೆ. ಮೂತ್ರದ ಉರಿಯೂ ಉಷ್ಣ, ಬಿಳಿ ಹೋಗುವುದೂ ಉಷ್ಣ, ಈ ಹುಣ್ಣೂ ಉಷ್ಣವೇ. ಮನೆಯವರು ಮಜ್ಜಿಗೆ ಕುಡಿಸುತ್ತಾರೆ, ಎಳನೀರು ತರಿಸುತ್ತಾರೆ. ಗಂಡಸರ ಬಾಯಲ್ಲಿ ಅದು 'ಗುಪ್ತರೋಗ'. ಒಂದು ಹೆಸರು ರೋಗವನ್ನು ಹಗುರ ಮಾಡಿ ಮರೆಸುತ್ತದೆ, ಇನ್ನೊಂದು ಭಯ ಮಾಡಿ ಮರೆಸುತ್ತದೆ. ರೋಗದ ಗುರುತು ಎರಡರಲ್ಲಿಯೂ ಇಲ್ಲ.

ನಮ್ಮ ಪ್ರಾಚೀನ ವೈದ್ಯರು ಈ ಬಗೆಯ ಹುಣ್ಣುಗಳನ್ನು ಕಾಣದವರೇನಲ್ಲ. ಸುಶ್ರುತಸಂಹಿತೆ ಗುಹ್ಯಾಂಗದ ಹುಣ್ಣುಗಳನ್ನು 'ಉಪದಂಶ' ಎಂಬ ಹೆಸರಿನಲ್ಲಿ ವಿವರಿಸುತ್ತದೆ. ಕನ್ನಡದಲ್ಲಿಯೂ ವೈದ್ಯಶಾಸ್ತ್ರ ಹಳೆಯದು. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು 'ಕರ್ಣಾಟಕ ಕಲ್ಯಾಣಕಾರಕ'ವನ್ನು ರಚಿಸಿದನು. ಆದರೆ 16ನೆಯ ಶತಮಾನಕ್ಕೆ ಬರುವಾಗ ಒಂದು ಹೊಸ ಭೀತಿ ಹಬ್ಬಿತು. ಪೋರ್ತುಗೀಸರು ಪಶ್ಚಿಮ ಕರಾವಳಿಗೆ ಕಾಲಿಟ್ಟ ಬಳಿಕ ಅವರೊಡನೆ ಸಿಫಿಲಿಸ್ ರೋಗವೂ ಬಂದಿತು. ಭಾವಮಿಶ್ರನು ತನ್ನ 'ಭಾವಪ್ರಕಾಶ'ದಲ್ಲಿ ಅದನ್ನು 'ಫಿರಂಗ ರೋಗ'ವೆಂದು ಕರೆದು ಪಾದರಸದಿಂದಾದ ರಸಕರ್ಪೂರವನ್ನೂ ಚೋಪಚೀನಿಯನ್ನೂ ಮದ್ದಾಗಿ ಹೇಳಿದನು. ಕನ್ನಡದಲ್ಲಿ ರೋಗ 'ಪರಂಗಿ ಹುಣ್ಣು' ಆಯಿತು, ಚೋಪಚೀನಿ 'ಪರಂಗಿ ಚಕ್ಕೆ' ಆಯಿತು.

ಇಲ್ಲಿಂದ ಮುಂದೆ ನಮ್ಮ ಹೆಸರಿಲ್ಲದ ಹುಣ್ಣಿನ ಪಾಡು ಕೆಟ್ಟಿತು. ಗುಹ್ಯದ ಹುಣ್ಣೆಂದರೆ ಪರಂಗಿ ಹುಣ್ಣೇ ಎಂಬ ನಂಬಿಕೆ ನೆಲೆನಿಂತಿತು. ಸಿಫಿಲಿಸ್ ಮೂಗನ್ನು ತಿನ್ನಬಲ್ಲದು, ಮಿದುಳನ್ನು ಕೆಡಿಸಬಲ್ಲದು, ಬಸಿರನ್ನು ಇಳಿಸಬಲ್ಲದು. ಹರ್ಪಿಸ್ ನೋವು ಕೊಡುವುದೇ ಹೊರತು ಸಾಮಾನ್ಯವಾಗಿ ಈ ಹಾವಳಿಗೆ ಹೋಗುವುದಿಲ್ಲ. ಮೊದಲ ಸಲ ಎರಡು ಮೂರು ವಾರ ಕಾಡಿ ತಾನಾಗಿಯೇ ಮಾಯುತ್ತದೆ. ಅದರ ಸ್ವಭಾವದ ಈ ಒಂದು ಗುಣವೇ ಮುಂದಿನ ಎಲ್ಲ ತಪ್ಪುಗಳಿಗೂ ಕಾರಣವಾಯಿತು. ತಾನಾಗಿ ಮಾಯುವ ಹುಣ್ಣಿಗೆ ಯಾರು ಏನು ಕೊಟ್ಟರೂ ಅದು ಗುಣಕಂಡಂತೆಯೇ ತೋರುತ್ತದೆ. ಪಾದರಸ ತಿಂದು ಹಲ್ಲು ಸಡಿಲಾದವನೂ, ಬೇರು ತೇಯ್ದು ಹಚ್ಚಿಕೊಂಡವನೂ, ಹರಕೆ ಹೊತ್ತವನೂ ಮೂರನೆಯ ವಾರಕ್ಕೆ ವಾಸಿಯಾಗುತ್ತಿದ್ದರು. ಮೂರು ತಿಂಗಳಿಗೆ ಅದು ಮರಳಿ ಬಂದಾಗ ಮಾತ್ರ ದೋಷ ಮದ್ದಿನದಾಗಲಿಲ್ಲ, ರೋಗಿಯದಾಯಿತು. "ಮತ್ತೆ ಎಲ್ಲಿಗೆ ಹೋಗಿದ್ದೆ?" ಎಂಬ ಪ್ರಶ್ನೆ ಹುಟ್ಟಿದ್ದು ಹೀಗೆ.

ಯುರೋಪಿನಲ್ಲಿ ಈ ಎರಡು ಹುಣ್ಣುಗಳನ್ನು ಬೇರ್ಪಡಿಸುವ ಕೆಲಸ ನಿಧಾನವಾಗಿ ನಡೆಯಿತು. ಫ್ರಾನ್ಸಿನ ವೈದ್ಯ ಆಸ್ಟ್ರುಕ್ 1736ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜನನಾಂಗದ ಹರ್ಪಿಸ್ಸಿನ ವರ್ಣನೆಯಿದೆ. ಇದು ಒಬ್ಬರಿಂದ ಒಬ್ಬರಿಗೆ ಹತ್ತುವಂಥದೆಂದು 1873ರಲ್ಲಿ ವಿದಾಲ್ ತೋರಿಸಿದನು. 1886ರಲ್ಲಿ ದಿದೇ ಮತ್ತು ದ್ವಾಯೊಂ ಎಂಬಿಬ್ಬರು ಇದೊಂದನ್ನೇ ಕುರಿತು ಪುಸ್ತಕ ಬರೆದರು. ಆದರೆ ಅದೇ ಕಾಲದಲ್ಲಿ ಬ್ರಿಟಿಷ್ ಭಾರತದ ಸರ್ಕಾರಕ್ಕೆ ಈ ಸೂಕ್ಷ್ಮ ಬೇಕಾಗಿರಲಿಲ್ಲ. ಅದಕ್ಕೆ ಬೇಕಾಗಿದ್ದುದು ಸಿಪಾಯಿಗಳ ಆರೋಗ್ಯ. 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಪ್ರಕಾರ, ಅದು ಜಾರಿಯಾದ ಊರುಗಳಲ್ಲಿ, ವೇಶ್ಯೆಯರ ಹೆಸರು ಬರೆದಿಟ್ಟುಕೊಂಡು ಅವರನ್ನು ತಪಾಸಣೆ ಮಾಡುತ್ತಿದ್ದರು. ಹುಣ್ಣು ಕಂಡವಳನ್ನು 'ಲಾಕ್ ಆಸ್ಪತ್ರೆ'ಯಲ್ಲಿ ಕೂಡಿಹಾಕುತ್ತಿದ್ದರು. ಅವಳ ಬಳಿಗೆ ಹೋದ ಗಂಡಸನ್ನು ಆ ಕಾಯಿದೆ ಕೇಳಲಿಲ್ಲ. 1888ರಲ್ಲಿ ಅದು ರದ್ದಾಯಿತು.

ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಅಂಥ ತಪಾಸಣೆ ಬರಲಿಲ್ಲ. ಆಗಿನ ಕುಂದಗೋಳವಂತೂ ಜಮಖಂಡಿ ಸಂಸ್ಥಾನದ್ದು. ಆದರೆ ಕಾಯಿದೆಗೆ ತಳಹದಿಯಾಗಿದ್ದ ಭಾವನೆಗೆ ಸರಹದ್ದಿರಲಿಲ್ಲ. ಹುಣ್ಣು ಹೆಣ್ಣಿನಿಂದ ಬರುತ್ತದೆ, ಕೆಟ್ಟ ಹೆಣ್ಣಿನಿಂದ ಬರುತ್ತದೆ ಎಂಬ ಆ ಭಾವನೆಯನ್ನು ಕಲಿಸಲು ನಮಗೆ ಬ್ರಿಟಿಷರು ಬೇಕಾಗಿಯೂ ಇರಲಿಲ್ಲ. ಇದರ ಫಲ ಇಂದಿಗೂ ಕಾಣುತ್ತದೆ. ಗಂಡನಿಂದ ರೋಗ ಹತ್ತಿಸಿಕೊಂಡ ಸೊಸೆಯನ್ನು ತವರಿಗೆ ಕಳಿಸುತ್ತಾರೆ. ಹತ್ತಿಸಿದ ಮಗನಿಗೆ ಔಷಧ ತರುತ್ತಾರೆ.

20ನೆಯ ಶತಮಾನ ಎಲ್ಲವನ್ನೂ ತಲೆಕೆಳಗು ಮಾಡಿತು. 1905ರಲ್ಲಿ ಸಿಫಿಲಿಸ್ಸಿನ ಸೂಕ್ಷ್ಮಜೀವಿ ಕಣ್ಣಿಗೆ ಬಿತ್ತು. 1906ರಲ್ಲಿ ಅದಕ್ಕೆ ರಕ್ತಪರೀಕ್ಷೆ ಬಂತು. 1943ರಲ್ಲಿ ಪೆನಿಸಿಲಿನ್ ಅದನ್ನು ಗುಣಪಡಿಸುತ್ತದೆಂದು ತಿಳಿಯಿತು. ನಾಲ್ಕುನೂರು ವರ್ಷ ಅಂಜಿಸಿದ ಪರಂಗಿ ಹುಣ್ಣು ಸೂಜಿಮದ್ದಿಗೆ ಮಣಿಯಿತು. ಆ ಉತ್ಸಾಹದ ದಿನಗಳಲ್ಲಿ ಸ್ವತಂತ್ರ ಭಾರತವು ಎರಡು ಕಾಯಿದೆಗಳನ್ನು ಮಾಡಿತು. ಮಾಯಾಮದ್ದುಗಳ ಜಾಹೀರಾತನ್ನು ನಿಷೇಧಿಸಿದ 1954ರ ಕಾಯಿದೆ ತನ್ನ ಪಟ್ಟಿಯಲ್ಲಿ ಲೈಂಗಿಕ ರೋಗಗಳನ್ನು ಸೇರಿಸಿ ಸಿಫಿಲಿಸ್, ಗೊನೋರಿಯ ಮೊದಲಾದ ಐದರ ಹೆಸರನ್ನೂ ಹೇಳಿತು. ಹರ್ಪಿಸ್ಸಿನ ಹೆಸರು ಅದರಲ್ಲಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯು 'ಹರಡಬಲ್ಲ ರೂಪದ ಲೈಂಗಿಕ ರೋಗ'ವನ್ನು ವಿಚ್ಛೇದನಕ್ಕೆ ಒಂದು ಕಾರಣವನ್ನಾಗಿ ಇಟ್ಟಿತು. ಮೊದಲು ಮೂರು ವರ್ಷ ರೋಗವಿದ್ದಿರಬೇಕೆಂಬ ನಿಯಮವಿತ್ತು; 1976ರ ತಿದ್ದುಪಡಿ ಅದನ್ನು ತೆಗೆಯಿತು. 2019ರಲ್ಲಿ ಕುಷ್ಠರೋಗವನ್ನು ವಿಚ್ಛೇದನದ ಕಾರಣಗಳಿಂದ ಕೈಬಿಟ್ಟರು. ಲೈಂಗಿಕ ರೋಗದ ಮಾತು ಹಾಗೆಯೇ ಉಳಿದಿದೆ. ಗುಣವಾಗಬಲ್ಲ ರೋಗಗಳು ಎದುರಿಗಿದ್ದಾಗ ಬರೆದ ಮಾತದು. ಹುಟ್ಟಿನಿಂದ ಸಾವಿನವರೆಗಿನ ಬಾಳಿನಲ್ಲಿ ಒಮ್ಮೆ ಹೊಕ್ಕರೆ ಬಿಟ್ಟು ಹೋಗದ, ಆದರೆ ಬಾಳನ್ನು ಕೆಡಿಸಲೂ ಬೇಕಾಗಿಲ್ಲದ ರೋಗವೊಂದನ್ನು ಆ ಮಾತು ನೆನೆದಂತೆ ತೋರುವುದಿಲ್ಲ.

ಉಳಿದ ಹುಣ್ಣುಗಳು ಪೆನಿಸಿಲಿನ್ನಿಗೂ ಅದರ ಬಂಧುಗಳಿಗೂ ಸೋತು ಹಿಂದೆ ಸರಿದ ಹಾಗೆಲ್ಲ ಸೋಲದೆ ನಿಂತ ಹರ್ಪಿಸ್ ಮುಂದೆ ಕಾಣತೊಡಗಿತು. ಭಾರತದ ಚರ್ಮರೋಗ ಆಸ್ಪತ್ರೆಗಳಲ್ಲಿ 1990ರ ದಶಕದಿಂದೀಚೆಗೆ ಗುಹ್ಯದ ಹುಣ್ಣುಗಳ ಮುಖ್ಯ ಕಾರಣವಾಗಿ ಇದೇ ಮುಂದೆ ಬಂದಿದೆ. ಜಗತ್ತಿನ ಲೆಕ್ಕವಂತೂ ಬೆರಗುಗೊಳಿಸುವಂಥದು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ 15ರಿಂದ 49 ವರ್ಷದೊಳಗಿನ 84 ಕೋಟಿ 60 ಲಕ್ಷ ಜನರ ಜನನಾಂಗದಲ್ಲಿ ಈ ಸೋಂಕು ಇದೆ. ಐವರಲ್ಲಿ ಒಬ್ಬರಿಗಿಂತ ಹೆಚ್ಚಾಯಿತು. ಅವರಲ್ಲಿ ಬಹುಮಂದಿಗೆ ಇದು ತಮ್ಮಲ್ಲಿದೆ ಎಂಬುದೇ ತಿಳಿದಿರುವುದಿಲ್ಲ. ಐವರಲ್ಲೊಬ್ಬರ ರೋಗವನ್ನು ಕೆಟ್ಟವರ ರೋಗವೆನ್ನುವುದು ಯಾವ ನ್ಯಾಯ?

ಹುಣ್ಣು ಏಕೆ ಮರಳಿ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಇದೇ ಶತಮಾನದಲ್ಲಿ. ವಿಷಾಣು ನರಗಳ ಗಂಟುಗಳಲ್ಲಿ ಅಡಗಿರಬಹುದೆಂದು ಅಮೆರಿಕದ ಗುಡ್‌ಪಾಶ್ಚರ್ 1929ರಲ್ಲಿ ಊಹಿಸಿದನು. ಅದರಲ್ಲಿ ಎರಡು ಜಾತಿಗಳುಂಟೆಂದು 1960ರ ದಶಕದಲ್ಲಿ ಗೊತ್ತಾಯಿತು. ಅಡಗಿರುವುದು ನಿಜವೆಂದು 1971ರಲ್ಲಿ ಸ್ಟೀವನ್ಸ್ ಮತ್ತು ಕುಕ್ ಇಲಿಗಳಲ್ಲಿ ತೋರಿಸಿಕೊಟ್ಟರು. ನವಲಗುಂದದ ಎರೆಹೊಲದ ಒಕ್ಕಲಿಗನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹೊಲದಲ್ಲಿ ಕರಕಿ ಬೇರೂರಿದೆಯೆನ್ನಿ. ಮೇಲೆ ಹರಗಿದರೆ ಹೊಲ ಹಸನಾಗಿ ಕಾಣುತ್ತದೆ. ಬೇರು ಆಳದಲ್ಲಿದೆ. ಹದ ಬಂದಾಗ ಮತ್ತೆ ಚಿಗುರುತ್ತದೆ. ಆ ಚಿಗುರನ್ನು ಕಂಡು ನೆರೆಹೊಲದವನು ರಾತ್ರಿ ಬಂದು ಕರಕಿ ನೆಟ್ಟುಹೋದನೆಂದು ಯಾವ ರೈತನೂ ಜಗಳ ತೆಗೆಯುವುದಿಲ್ಲ. ಬೆನ್ನೆಲುಬಿನ ಕೆಳತುದಿಯ ನರಗಂಟುಗಳಲ್ಲಿ ಮಲಗಿದ ವಿಷಾಣುವೂ ಹಾಗೆಯೇ. ಜ್ವರ, ದಣಿವು, ಮುಟ್ಟು, ಮನಸ್ಸಿನ ಬೇಗೆ ಇವು ಅದಕ್ಕೆ ಹದ.

ಈ ಮಾತು ವಿಜ್ಞಾನದ್ದಾದರೂ ಸಂಸಾರಕ್ಕೆ ಇದಕ್ಕಿಂತ ದೊಡ್ಡ ಮಾತಿಲ್ಲ. ಮರಳಿ ಎದ್ದ ಹುಣ್ಣು ಹೊಸ ತಪ್ಪಿನ ಗುರುತಲ್ಲ. ಅಷ್ಟೇ ಅಲ್ಲ, ಮೊದಲ ಸಲ ಎದ್ದ ಹುಣ್ಣೂ ಇತ್ತೀಚಿನ ತಪ್ಪಿನ ಗುರುತಾಗಬೇಕಿಲ್ಲ. ಸೋಂಕು ಹತ್ತಿ ವರುಷಗಳಾದ ಮೇಲೆ ಮೊದಲ ಗುಳ್ಳೆ ಕಾಣಿಸಿಕೊಳ್ಳುವುದುಂಟು. ತುಟಿಯ ಗುಳ್ಳೆಯ ವಿಷಾಣು ಬಾಯಿಂದ ಜನನಾಂಗಕ್ಕೆ ದಾಟುವುದೂ ಉಂಟು. ಮದುವೆಯಾಗಿ ಹತ್ತು ವರ್ಷ ನೆಟ್ಟಗೆ ಬಾಳಿದ ದಂಪತಿಗಳಲ್ಲಿ ಒಬ್ಬರಿಗೆ ಒಂದು ದಿನ ಗುಳ್ಳೆ ಎದ್ದರೆ ಯಾರು ಯಾವಾಗ ತಂದರೆಂದು ಯಾವ ವೈದ್ಯನೂ ಹೇಳಲಾರ. ನಾವು ಮಾತ್ರ ನಾಲ್ಕುನೂರು ವರ್ಷಗಳಿಂದ ಹುಣ್ಣನ್ನು ಸಾಕ್ಷಿಕಟ್ಟೆಗೆ ಕರೆದು ನಿಲ್ಲಿಸುತ್ತ ಬಂದಿದ್ದೇವೆ. ಹುಣ್ಣು ಸಾಕ್ಷಿಯಲ್ಲ.

ತಿಳಿವಳಿಕೆ ಬಂದ ಮಾತ್ರಕ್ಕೆ ಭೀತಿ ಹೋಗುವುದಿಲ್ಲವೆಂಬುದಕ್ಕೆ ಅಮೆರಿಕವೇ ನಿದರ್ಶನ. 1982ರ ಆಗಸ್ಟಿನಲ್ಲಿ ಅಲ್ಲಿಯ 'ಟೈಂ' ಪತ್ರಿಕೆ ಹರ್ಪಿಸ್ಸನ್ನು ಮುಖಪುಟಕ್ಕೆ ತಂದು ಹಳೆಯ ಕಾಲದ ವ್ಯಭಿಚಾರಿಣಿಯ ಎದೆಯ ಮೇಲಿನ ಕೆಂಪಕ್ಷರಕ್ಕೆ ಹೋಲಿಸಿತು. ವಿಚಿತ್ರವೆಂದರೆ ಇದರ ಮೊದಲ ಒಳ್ಳೆಯ ಮದ್ದು ಅಸೈಕ್ಲೋವಿರ್‌ಗೆ ಆ ದೇಶದಲ್ಲಿ ಒಪ್ಪಿಗೆ ದೊರೆತದ್ದೂ 1982ರಲ್ಲಿಯೇ. ಆ ಮದ್ದಿನ ಹಿಂದೆ ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆಯ ದುಡಿಮೆಯಿದೆ. ಔಷಧಶೋಧಕ್ಕಾಗಿ 1988ರ ನೊಬೆಲ್ ಪಾರಿತೋಷಕದಲ್ಲಿ ಆಕೆ ಪಾಲು ಪಡೆದಳು. ಈ ಮದ್ದು ಸೋಂಕಿಲ್ಲದ ಜೀವಕಣದಲ್ಲಿ ಬಹುಮಟ್ಟಿಗೆ ಸುಮ್ಮನಿರುತ್ತದೆ. ವಿಷಾಣುವಿನ ಕಿಣ್ವವೇ ಅದನ್ನು ಎಚ್ಚರಗೊಳಿಸುತ್ತದೆ, ಎಚ್ಚರಗೊಂಡ ಮದ್ದು ವಿಷಾಣು ಬೆಳೆಯದಂತೆ ತಡೆಯುತ್ತದೆ. ಕಳ್ಳನ ಕೈಯಿಂದಲೇ ಕಳ್ಳನಿಗೆ ಬೇಡಿ ತೊಡಿಸಿದಂತೆ. ಬೇರನ್ನು ಕೀಳಲು ಮಾತ್ರ ಇದಕ್ಕೂ ಆಗದು.

ನಮ್ಮ ಕಡೆಯ ಜನ ದೊಡ್ಡ ರೋಗಕ್ಕೆ ಹಿಂದೆ ಮೀರಜದ ಮಿಷನ್ ಆಸ್ಪತ್ರೆಯ ದಾರಿ ಹಿಡಿಯುತ್ತಿದ್ದರು. 1957ರಲ್ಲಿ ಹುಬ್ಬಳ್ಳಿಯಲ್ಲಿಯೇ ವೈದ್ಯಕೀಯ ಕಾಲೇಜು ಆರಂಭವಾಯಿತು. ಏಡ್ಸ್ ನಿಯಂತ್ರಣಕ್ಕೆಂದು 1992ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಸ್ಥೆಯು ಲೈಂಗಿಕ ಸೋಂಕುಗಳನ್ನೂ ಕೈಗೆತ್ತಿಕೊಂಡು, ಒಂದೊಂದು ಬಗೆಗೆ ಒಂದೊಂದು ಬಣ್ಣದ ಮದ್ದಿನ ಪೊಟ್ಟಣವನ್ನು ಗೊತ್ತುಮಾಡಿತು. ಹರ್ಪಿಸ್ ಅಲ್ಲದ ಹುಣ್ಣಿಗೆ ಬಿಳಿಯದು, ಹರ್ಪಿಸ್ಸಿಗೆ ಕೆಂಪಿನದು. ಕೆಂಪು ಪೊಟ್ಟಣದಲ್ಲಿ 400 ಮಿಲಿಗ್ರಾಂನ 21 ಅಸೈಕ್ಲೋವಿರ್ ಗುಳಿಗೆಗಳು; ದಿನಕ್ಕೆ ಮೂರರಂತೆ ಏಳು ದಿನ. ನೂರಾರು ವರ್ಷ ಒಂದೇ ಹೆಸರಿನಡಿ ಸಿಕ್ಕಿಬಿದ್ದಿದ್ದ ಎರಡು ಹುಣ್ಣುಗಳು ಕಡೆಗೂ ಎರಡು ಬಣ್ಣದ ಪೊಟ್ಟಣಗಳಾಗಿ ಬೇರೆಯಾದವು. ಸರ್ಕಾರಿ ಆಸ್ಪತ್ರೆಗಳ 'ಸುರಕ್ಷಾ ಕ್ಲಿನಿಕ್'ಗಳು ಈ ಕೆಲಸಕ್ಕೆಂದೇ ಏರ್ಪಟ್ಟವು. ಅಲ್ಲಿಯ ಆಪ್ತಸಮಾಲೋಚಕರು ರೋಗಿಯ ಮಾತನ್ನು ಗುಟ್ಟಾಗಿಯೇ ಇಡಬೇಕು.

ಇಷ್ಟಾದರೂ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ 'ಗುಪ್ತರೋಗ'ದ ಜಾಹೀರಾತು ಅಳಿದಿಲ್ಲ. ಇಂಥ ವಾರ ಇಂಥ ಲಾಡ್ಜಿನಲ್ಲಿ ಭೇಟಿ ಎಂದು ಬರೆದಿರುತ್ತದೆ. ಹೆಸರು ಕೇಳದವನ ಹತ್ತಿರ ಹೋಗುವುದು ಸುಲಭ. ಸುಗ್ಗಿಯ ದುಡ್ಡು ಅಲ್ಲಿ ಕರಗುತ್ತದೆ. ಹುಣ್ಣು ತಾನಾಗಿ ಮಾಯುತ್ತದೆ, ಕೀರ್ತಿ ಲಾಡ್ಜಿನವನಿಗೆ ಸಲ್ಲುತ್ತದೆ. ಹಳೆಯ ಕಥೆಯೇ ಮತ್ತೆ ನಡೆಯುತ್ತದೆ.

ಹಾಗಾದರೆ ಈ ರೋಗದೊಡನೆ ಬಾಳುವುದೆಂದರೇನು? ಹುಣ್ಣೆದ್ದ ಕೂಡಲೆ ವೈದ್ಯರಿಗೆ ತೋರಿಸಬೇಕು. ಮೊದಲ ಮೂರು ದಿನಗಳಲ್ಲಿ ಮದ್ದು ಶುರುವಾದರೆ ಗುಣ ಹೆಚ್ಚು. ಸಿಫಿಲಿಸ್, ಎಚ್.ಐ.ವಿ. ಇವುಗಳ ರಕ್ತಪರೀಕ್ಷೆಯನ್ನೂ ಜೊತೆಗೇ ಮಾಡಿಸಿಕೊಳ್ಳಬೇಕು, ಏಕೆಂದರೆ ಈ ಹುಣ್ಣಿರುವವರಿಗೆ ಎಚ್.ಐ.ವಿ. ಹತ್ತುವ ಸಂಭವ ಹೆಚ್ಚು. ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ತೊಳೆದು ಒಣಗಿಸಿಕೊಳ್ಳುವುದು, ಸಡಿಲವಾದ ಅರಿವೆ ಬಟ್ಟೆ, ಮೂತ್ರದ ವೇಳೆಗೆ ನೀರು ಸುರಿದುಕೊಳ್ಳುವುದು ಇವು ನೋವನ್ನು ತಗ್ಗಿಸುತ್ತವೆ. ಅಂಗಡಿಯಲ್ಲಿ ಕೇಳಿ ತಂದ, ಸ್ಟೀರಾಯ್ಡ್ ಬೆರೆತ ಮುಲಾಮನ್ನು ಹಚ್ಚಲೇಬಾರದು. ಹುಣ್ಣು ಮುಟ್ಟಿದ ಕೈಯನ್ನು ಕಣ್ಣಿಗೆ ಒಯ್ಯಬಾರದು. ಗುಳ್ಳೆ ಏಳುವ ಮುನ್ನ ಜುಮುಜುಮು ಉರಿ ಕಂಡಾಗಿನಿಂದ ಪೂರ್ತಿ ಮಾಯುವವರೆಗೆ ದಂಪತಿಗಳು ಕೂಡಬಾರದು. ಉಳಿದ ದಿನಗಳಲ್ಲಿಯೂ ಸೋಂಕು ದಾಟುವುದುಂಟು; ನಿರೋಧ್ ಅದನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಪದೇಪದೇ ಬರುವವರಿಗೆ ವೈದ್ಯರು ದಿನವೂ ತೆಗೆದುಕೊಳ್ಳುವ ಮದ್ದನ್ನು ಕೊಡುತ್ತಾರೆ. ವರುಷಗಳು ಕಳೆದಂತೆ ಹುಣ್ಣಿನ ಕಾಟ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಮದುವೆ, ಮಕ್ಕಳು, ಮುಪ್ಪು ಎಲ್ಲವೂ ಇದರೊಡನೆಯೇ ಸಾಗುತ್ತವೆ.

ಹೇಳುವುದು ಸುಲಭ. ಕುಂದಗೋಳದ ಮೆಣಸಿನಕಾಯಿ ಹೊಲದಲ್ಲಿ ಬಿಸಿಲಿಗೆ ದುಡಿಯುವ ಹೆಣ್ಣಿಗೆ ವಿಶ್ರಾಂತಿ ಎಲ್ಲಿಯದು? ಒಂದೇ ಪಡಸಾಲೆಯಲ್ಲಿ ಹತ್ತು ಮಂದಿ ಮಲಗುವ ಮನೆಯಲ್ಲಿ ಗುಳಿಗೆಯ ಚೀಟಿ ಅಡಗಿಸಿಡಲು ಮೂಲೆ ಎಲ್ಲಿಯದು? ಹುಬ್ಬಳ್ಳಿಗೆ ಹೋಗಬೇಕಾದರೆ ಗಂಡನನ್ನೋ ಅತ್ತೆಯನ್ನೋ ಕೇಳಬೇಕು, ಏಕೆಂಬುದನ್ನು ಹೇಳಬೇಕು. ಮದ್ದು ಅಗ್ಗವಾಗಿದೆ, ಮಾತು ತುಟ್ಟಿಯಾಗಿದೆ.

ಆದರೆ ಒಂದು ಸಂದರ್ಭದಲ್ಲಿ ಮಾತು ಎಷ್ಟು ತುಟ್ಟಿಯಾದರೂ ಆಡಲೇಬೇಕು. ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರಾದದ್ದು. ಆ ತೊಟ್ಟಿಲಿಗೆ ಬರುವ ಕೂಸಿಗೆ ಹೆರಿಗೆಯ ವೇಳೆ ಈ ಸೋಂಕು ತಗಲಿದರೆ ಜೀವಕ್ಕೇ ಅಪಾಯ. ಹಿಂದಿನಿಂದಲೂ ರೋಗವಿದ್ದ ತಾಯಿಯಲ್ಲಿ ಈ ಭಯ ಕಡಿಮೆ, ಅವಳ ರಕ್ತದ ರಕ್ಷಣೆ ಕೂಸಿಗೂ ದೊರೆತಿರುತ್ತದೆ. ಬಸಿರಿನ ಕಡೆಯ ತಿಂಗಳುಗಳಲ್ಲಿ ಹೊಸದಾಗಿ ಸೋಂಕು ಹತ್ತಿದರೆ ಭಯ ಹೆಚ್ಚು. ಮೊದಲೇ ತಿಳಿಸಿದರೆ ವೈದ್ಯರು ಕಡೆಯ ವಾರಗಳಲ್ಲಿ ಮದ್ದು ಕೊಡುತ್ತಾರೆ. ಹೆರಿಗೆಯ ಹೊತ್ತಿಗೆ ಹುಣ್ಣಿದ್ದರೆ ಶಸ್ತ್ರಚಿಕಿತ್ಸೆಯಿಂದ ಕೂಸನ್ನು ಹೊರತೆಗೆಯುತ್ತಾರೆ. ಇಲ್ಲಿ ಗಂಡನಾದವನ ಕರ್ತವ್ಯವೇ ಮೊದಲಿನದು. ತನಗೆ ಹುಣ್ಣಿದ್ದರೆ ಅವನು ಬಸುರಿ ಹೆಂಡತಿಯಿಂದ ದೂರವಿರಬೇಕು, ಏಕೆಂಬುದನ್ನು ಅವಳಿಗೆ ಹೇಳಬೇಕು.

ಕನ್ನಡದಲ್ಲಿ ಇಂಥ ಮಾತನ್ನು ಆಡಲು ಬರುವುದಿಲ್ಲವೆನ್ನುವವರು ವೈದ್ಯೆ ಅನುಪಮಾ ನಿರಂಜನರ 'ದಾಂಪತ್ಯ ದೀಪಿಕೆ', 'ತಾಯಿ ಮಗು' ಮೊದಲಾದ ಪುಸ್ತಕಗಳನ್ನು ನೆನೆಯಬೇಕು. ಹೆಣ್ಣಿನ ಮೈಯ ವಿಷಯವನ್ನು ಮನೆಮಂದಿ ಓದುವ ಕನ್ನಡದಲ್ಲಿ ಆಕೆ ಬರೆದರು. ಇನ್ನು ನವಲಗುಂದದ ರಾಮಲಿಂಗ ಕಾಮಣ್ಣನನ್ನು ನೋಡಿರಿ. ಹೋಳಿಯಲ್ಲಿ ಮದುವೆಗೆಂದು, ಮಕ್ಕಳಿಗೆಂದು ಹರಕೆ ಹೊತ್ತು ಊರೂರಿನ ಜನ ಅವನಲ್ಲಿಗೆ ಬರುತ್ತಾರೆ. ಕಾಮನನ್ನು ಕೂಡಿಸಿ ಪೂಜಿಸುವ ಜನಕ್ಕೆ ಕಾಮದ ಬೇನೆಯೊಂದನ್ನು ಹೆಸರು ಹಿಡಿದು ಕರೆಯುವುದು ಅಸಾಧ್ಯವೇನಲ್ಲ.

ಮತ್ತೆ ಗಾದೆಗೆ ಬರೋಣ. ಹಿರಿಯರ ಮಾತು ಸುಳ್ಳಲ್ಲ. ಅದನ್ನು ಹಂಚಿಕೊಳ್ಳುವ ಬಗೆಯನ್ನು ನಾವು ತಿಳಿಯಬೇಕಾಗಿದೆ. ಈ ವ್ಯಾಧಿ ಇಬ್ಬರಿಗೆ ರಟ್ಟಾಗಬೇಕು, ವೈದ್ಯರಿಗೆ ಮತ್ತು ಕೈಹಿಡಿದವರಿಗೆ. ಉಳಿದ ಊರಿಗೆ ಅದು ಗುಟ್ಟಾಗಿದ್ದರೆ ದೋಷವಿಲ್ಲ. ನಾವು ಇದುವರೆಗೆ ನಡೆಸಿಕೊಂಡು ಬಂದದ್ದು ಇದಕ್ಕೆ ತಿರುಗು. ವೈದ್ಯರಿಗೂ ಹೆಂಡತಿಗೂ ಮುಚ್ಚಿಟ್ಟೆವು. ಹುಣ್ಣಾದವಳನ್ನು ತವರಿಗೆ ಕಳಿಸಿ ಊರಿಗೆಲ್ಲ ಸಾರಿದೆವು.